ಮೆಕ್ಕೆಜೋಳ–ಬೀನ್ಸ್ ಅಂತರ ಬೆಳೆ: ಒಂದೇ ಹೊಲಕ್ಕೆ ಮೂರು ಇಳುವರಿ ಲೆಕ್ಕ, ರೈತರಿಗೆ ಯಾವುದನ್ನು ಕಲಿಸಬೇಕು?

ಸಾಲುಗೂಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಣ್ಣ ಹಿಡುವಳಿದಾರರ 24 ಜನರ ಗುಂಪಿಗೆ ಮೆಕ್ಕೆಜೋಳದ ಜೊತೆ ಬೀನ್ಸ್ ಬೆಳೆಯುವುದು, ಬೆಳೆದದ್ದನ್ನು ತಾವೇ ಅಳೆಯುವುದು ಎರಡನ್ನೂ ಕಲಿಸುತ್ತಿದ್ದೇವೆ. ಮೆಕ್ಕೆಜೋಳ ಸಾಲಿಗೆ ಸಾಲು 75 ಸೆಂ.ಮೀ., ಗಿಡಕ್ಕೆ ಗಿಡ 25 ಸೆಂ.ಮೀ. ಪ್ರತಿ ಎರಡು ಸಾಲಿನ ನಟ್ಟನಡುವೆ ಒಂದು ಸಾಲು ಗಿಡ ಬೀನ್ಸ್, ಒಣ ಕಾಳಿಗಾಗಿ, 10 ಸೆಂ.ಮೀ.ಗೆ ಒಂದರಂತೆ.

ಕಟಾವಿಗೆ ಬಂದಾಗ ಗುಂಪನ್ನು ಮೂರು ತಂಡ ಮಾಡಿ, ಒಂದೇ ಸಮನೆ ಬೆಳೆದಿದ್ದ ಹೊಲದಲ್ಲಿ ತಲಾ ಒಂದು 5 ಮೀ. × 5 ಮೀ. ಚೌಕ ಹಾಕಿಸಿದೆವು. ಹೆಕ್ಟೇರಿಗೆ ಬಂದ ಮೆಕ್ಕೆಜೋಳದ ಲೆಕ್ಕ: ಮೊದಲ ತಂಡಕ್ಕೆ 48 ಕ್ವಿಂಟಲ್, ಎರಡನೆಯದಕ್ಕೆ 41, ಮೂರನೆಯದಕ್ಕೆ 36. ಮೊದಲೆರಡು ತಂಡ ಅಂದೇ ಕಾಳು ಬಿಡಿಸಿ ತೂಗಿದವು. ಮೂರನೆಯದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಆಮೇಲೆ ತೂಗಿತು. ಹಸಿ ಕಾಳಿನ ತೇವಾಂಶ 24% ಇತ್ತು. ತಕ್ಕಡಿ ಸರಿಯಾಗಿದೆ, ನೋಡಿಯಾಗಿದೆ. ಬೀನ್ಸ್ ಅಂತೂ ಒಂದು ತಂಡಕ್ಕೆ 8 ಕ್ವಿಂಟಲ್, ಇನ್ನೊಂದಕ್ಕೆ 5.

"ಇದರಲ್ಲಿ ಯಾವುದನ್ನು ನಂಬೋಣ?" ಅಂತ ರೈತರು ಕೇಳುತ್ತಾರೆ, ಕೇಳುವುದು ನ್ಯಾಯವೇ. ಚೌಕ ಹಾಕುವುದರಲ್ಲೇ ತಪ್ಪಿದೆಯಾ? ತೇವಾಂಶ ಮಾಪಕ ಇಲ್ಲದ ಕಡೆ ಏನು ಮಾಡಬೇಕು? ಬೀನ್ಸ್ ಮೊದಲೇ ಕಿತ್ತುಬಿಡುತ್ತಾರಲ್ಲ, ಅದನ್ನು ಹೇಗೆ ಅಳೆಯುವುದು? ಮುಂದಿನ ಬೆಳೆಗೆ ಬಿತ್ತನೆಯಿಂದಲೇ ಅಳತೆ ಅಭ್ಯಾಸ ಮಾಡಿಸಬೇಕೆಂದಿದ್ದೇವೆ. ಅಕ್ಷರ ಬಾರದವರೂ ಗುಂಪಿನಲ್ಲಿದ್ದಾರೆ.

---

ತಕ್ಕಡಿಮುಳ್ಳು

ಸರ್, ಕಾರಣ ನಿಮ್ಮ ಅಂಕಿಗಳಲ್ಲೇ ಇದೆ. ಕೂಳೆ ಇನ್ನೂ ನಿಂತಿದ್ದರೆ ಇವತ್ತೇ ಹೋಗಿ ಪ್ರತಿ ಚೌಕದೊಳಗೆ ಎಷ್ಟು ಮೆಕ್ಕೆಜೋಳದ ಸಾಲು ಬಿದ್ದಿದೆ ಎಣಿಸಿ. ಮೊದಲ ತಂಡದಲ್ಲಿ 7, ಉಳಿದೆರಡರಲ್ಲಿ 6 ಸಿಗುತ್ತವೆ ಎಂಬುದು ನನ್ನ ಲೆಕ್ಕ.

ಯಾಕೆಂದರೆ 5 ಮೀಟರನ್ನು 75 ಸೆಂ.ಮೀ.ನಿಂದ ಭಾಗಿಸಿದರೆ 6.67. ಅರೆಬರೆ ಸಾಲು ಎಂಬುದು ಹೊಲದಲ್ಲಿ ಇರುವುದಿಲ್ಲ. ಚೌಕ ಬಿದ್ದ ಜಾಗ ನೋಡಿಕೊಂಡು 7 ಸಾಲು ಒಳಗೆ ಬರುತ್ತವೆ, ಇಲ್ಲವೇ 6. 7 ಸಾಲು ಬಂದರೆ ಆ ಬೆಳೆ ನಿಜಕ್ಕೂ ಆಕ್ರಮಿಸಿದ ಜಾಗ 5.25 ಮೀ. × 5 ಮೀ., ಅಂದರೆ 26.25 ಚದರ ಮೀಟರ್. ನೀವು ಭಾಗಿಸಿದ್ದು 25ರಿಂದ. 6 ಸಾಲಾದರೆ ನಿಜವಾದ ಜಾಗ 22.5 ಚದರ ಮೀಟರ್. ಹೀಗೆ ತಿದ್ದಿ ನೋಡಿ: 48 × 25 ÷ 26.25 = 45.7. 41 × 25 ÷ 22.5 = 45.6. ಎರಡೂ ಒಂದೇ ಆಯಿತು.

ಮೂರನೆಯದರಲ್ಲಿ ಸಾಲಿನ ತಪ್ಪಿನ ಮೇಲೆ ತೇವಾಂಶವೂ ಸೇರಿದೆ. 24% ತೇವದ ಕಾಳನ್ನು 14%ಕ್ಕೆ ತರುವ ಸೂತ್ರ: ಹಸಿ ತೂಕ × (100 − 24) ÷ (100 − 14). ಅಂದರೆ 41 × 76 ÷ 86 = 36.2. ನಿಮ್ಮ 36 ಇದೇ. ಮೂರೂ ತಂಡಗಳು ಒಂದೇ ಬೆಳೆಯನ್ನು ಅಳೆದಿವೆ. ಸಾಲನ್ನೂ ತೇವವನ್ನೂ ತಿದ್ದಿದರೆ 14% ತೇವದಲ್ಲಿ ಹೆಕ್ಟೇರಿಗೆ ಸುಮಾರು 40.3 ಕ್ವಿಂಟಲ್. ರೈತರಿಗೆ ಹೇಳಬೇಕಾದ ಅಂಕಿ ಅದು. ಮೂರರ ಸರಾಸರಿ ತೆಗೆದು 41.7 ಎಂದು ಹೇಳಿಬಿಡಬೇಡಿ. ಹತ್ತಿರ ಬಂದರೂ ಅದು ಆಕಸ್ಮಿಕ, ಹಸಿ ಕಾಳು, ಒಣ ಕಾಳು ಕೂಡಿಸಿದ ಸರಾಸರಿಗೆ ಅರ್ಥವಿಲ್ಲ.

ಇನ್ನು ಮುಂದೆ ಚೌಕದ ಅಗಲ ಸಾಲಿನ ಅಂತರದ ಪೂರ್ಣ ಗುಣಕವಾಗಿರಲಿ: 4 ಸಾಲು × 75 ಸೆಂ.ಮೀ. = 3 ಮೀ. ಅಗಲ, ಸಾಲಿನುದ್ದಕ್ಕೆ 5 ಮೀ. ಒಟ್ಟು 15 ಚದರ ಮೀಟರ್. ಮೂಲೆಗಳು ನೇರವಾಗಿವೆಯೇ ಎಂದು ನೋಡಲು ಕರ್ಣ ಅಳೆಯಿರಿ, ಎರಡೂ ಕರ್ಣ 5.83 ಮೀ. ಬರಬೇಕು. ಇಲ್ಲಿ ಅಂತರ ಬೆಳೆಯವರು ಎಡವುವ ಒಂದು ಜಾಗ ಇದೆ. ಬರೀ ಮೆಕ್ಕೆಜೋಳವಾದರೆ ಹಗ್ಗವನ್ನು ಎರಡು ಸಾಲಿನ ಮಧ್ಯೆ ಹಾಯಿಸಿ ಎನ್ನುತ್ತೇವೆ. ನಿಮ್ಮ ಹೊಲದಲ್ಲಿ ಮಧ್ಯೆ ಬೀನ್ಸ್ ಸಾಲೇ ಇದೆ! ಹಗ್ಗ ಅದರ ಮೇಲೇ ಕೂರುತ್ತದೆ, ಆಮೇಲೆ ಆ ಗಿಡಗಳು ಒಳಗೋ ಹೊರಗೋ ಎಂಬ ಜಗಳ. ಅದಕ್ಕೆ ಮೆಕ್ಕೆಜೋಳದ ಸಾಲಿಗೂ ಬೀನ್ಸ್ ಸಾಲಿಗೂ ನಡುವೆ, ಮೆಕ್ಕೆಜೋಳದಿಂದ ಸುಮಾರು 19 ಸೆಂ.ಮೀ. ದೂರದಲ್ಲಿ ಹಗ್ಗ ಹಾಯಿಸಿ. ಎದುರು ಬದಿಯ ಹಗ್ಗವೂ ತಾನಾಗಿಯೇ ಅಂಥದೇ ಜಾಗಕ್ಕೆ ಬರುತ್ತದೆ, ಒಳಗೆ ಸರಿಯಾಗಿ 4 ಮೆಕ್ಕೆ, 4 ಬೀನ್ಸ್ ಸಾಲು ಸಿಗುತ್ತವೆ.

ಉದ್ದದ ದಿಕ್ಕಿನಲ್ಲೂ ಹೀಗೆಯೇ. 5 ಮೀಟರಿಗೆ 20 ಗಿಡ ಇರಬೇಕು. ಎರಡೂ ತುದಿಯ ಹಗ್ಗಕ್ಕೆ ತಾಗಿದ ಗಿಡಗಳನ್ನು ಒಳಗೆ ಎಳೆದುಕೊಂಡರೆ 21, ಅಲ್ಲೇ 5% ಹೆಚ್ಚು. ಮೊದಲ ತುದಿಯ ಹಗ್ಗಕ್ಕೆ ತಾಗಿದ ಗಿಡ ಒಳಗೆ, ಕೊನೆಯ ತುದಿಯದು ಹೊರಗೆ. ಕಟಾವಿಗೆ ಮುಂಚೆಯೇ ಎಲ್ಲರ ಎದುರು ಈ ನಿಯಮ ಹೇಳಿಬಿಡಿ.

ಜಾಗವನ್ನು ಚೀಟಿ ಎತ್ತಿ ಆರಿಸಬೇಕು. ಹೊಲದ ಉದ್ದ 60 ಹೆಜ್ಜೆ, ಅಗಲ 40 ಹೆಜ್ಜೆ ಇದ್ದರೆ ಒಂದೊಂದಕ್ಕೂ ಒಂದು ಚೀಟಿ, ಬಂದಷ್ಟು ಹೆಜ್ಜೆ ನಡೆದು ನಿಂತಲ್ಲಿ ಗೂಟ. ನಿಂತ ಜಾಗ ಬೋಳಾಗಿದ್ದರೆ "ಇಲ್ಲಿ ಬೇಡ, ಆಚೆ ಹಾಕೋಣ" ಅನ್ನುವುದು ಸಹಜ, ಎಲ್ಲ ಗುಂಪಿನಲ್ಲೂ ಯಾರಾದರೂ ಅಂದೇ ಅನ್ನುತ್ತಾರೆ. ಒಪ್ಪಬೇಡಿ. ಬೋಳು ಜಾಗವೂ ಆ ಹೊಲದ್ದೇ. ಹಾಗೆಯೇ, ಬದುವಿನ ಪಕ್ಕದ ಸಾಲುಗಳನ್ನು ಬಿಡಿ ಎಂಬ ಸಲಹೆಯನ್ನು ಸಣ್ಣ ತಾಕಿಗೆ ಕಣ್ಣುಮುಚ್ಚಿ ಹಾಕಬೇಡಿ. 20 ಮೀ. × 20 ಮೀ. ತಾಕಿನಲ್ಲಿ ಸುತ್ತ 2 ಮೀ. ಬಿಟ್ಟರೆ 144 ಚದರ ಮೀಟರ್, ಅಂದರೆ 36% ಹೊಲ ಲೆಕ್ಕದಿಂದಲೇ ಹೊರಗೆ ಹೋಯಿತು. ಎರಡು ತಳಿ ಹೋಲಿಸುವಾಗ ಅಂಚು ಬಿಡುವುದು ಸರಿ. ರೈತನ ಹೊಲದ ಇಳುವರಿ ಎಷ್ಟು ಎನ್ನುವಾಗ ಅಂಚೂ ಸೇರಬೇಕು. ಚೌಕಗಳು ಹೊಲಕ್ಕೆ ಕನಿಷ್ಠ ಮೂರು, ಸಾಧ್ಯವಾದರೆ ಐದು.

ತೂಕದ ದಿನ ಹೀಗೆ: ಚೌಕದೊಳಗಿನ ಎಲ್ಲ ತೆನೆ, ಬಿದ್ದ ಗಿಡದ್ದೂ ಸೇರಿಸಿ, ಮುಸುಕು ಸುಲಿದು ಒಟ್ಟಿಗೆ ತೂಗಿ. 9.2 ಕೆ.ಜಿ. ಬಂತೆನ್ನಿ. ತೆನೆಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಜೋಡಿಸಿ ಪ್ರತಿ ಆರನೆಯದನ್ನು ಎತ್ತಿ, ಸುಮಾರು 10 ಸಿಗುತ್ತವೆ. ಕೈಗೆ ಬಂದದ್ದನ್ನು ತೆಗೆಯಿರಿ ಎಂದರೆ ಎಲ್ಲರ ಕೈಯೂ ದಪ್ಪ ತೆನೆಗೇ ಹೋಗುತ್ತದೆ. ಆ ಹತ್ತು 1.60 ಕೆ.ಜಿ., ಅಲ್ಲೇ ಬಿಡಿಸಿದ ಕಾಳು 1.20 ಕೆ.ಜಿ. ಎಂದರೆ ಕಾಳಿನ ಪಾಲು 75%. ಒಟ್ಟು ಹಸಿ ಕಾಳು 6.9 ಕೆ.ಜಿ., 14%ಕ್ಕೆ ತಂದರೆ 6.10 ಕೆ.ಜಿ. ಅದನ್ನು 15ರಿಂದ ಭಾಗಿಸಿ 10,000ದಿಂದ ಗುಣಿಸಿದರೆ ಹೆಕ್ಟೇರಿಗೆ 4,065 ಕೆ.ಜಿ. ಮಾದರಿ ತೆನೆಗಳನ್ನು ಮನೆಗೆ ಒಯ್ದು ಮರುದಿನ ಬಿಡಿಸಿದರೆ ಈ ಲೆಕ್ಕ ಕೆಡುತ್ತದೆ. ಕಾಳೂ ಬೆಂಡೂ ಅಷ್ಟರಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಒಣಗಿರುತ್ತವೆ.

ಮಾಪಕ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿ, ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಪುಡಿ ಉಪ್ಪು ಎರಡು-ಮೂರು ಚಮಚ, ಬಾಟಲಿಯ ಮೂರನೇ ಒಂದು ಭಾಗದಷ್ಟು ಕಾಳು. ಮುಚ್ಚಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿನ ಒಳಗೋಡೆಗೆ ಅಂಟಿದರೆ ತೇವ 15%ಕ್ಕಿಂತ ಹೆಚ್ಚು, ಅಂಟದೆ ಕೆಳಗೇ ಉಳಿದರೆ ಅದಕ್ಕಿಂತ ಕಡಿಮೆ. ಮಾದರಿ ಕಾಳನ್ನು ಉಪ್ಪು ಅಂಟದ ಹಂತಕ್ಕೆ ಒಣಗಿಸಿ ಮತ್ತೆ ತೂಗಿದರೆ ಎಲ್ಲ ತಂಡಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ತರಬೇತಿಗೆ ಅಷ್ಟು ನಿಖರತೆ ಸಾಕು. ತಿಂಗಳುಗಟ್ಟಲೆ ಕೂಡಿಡಲು ಮಾತ್ರ 13%ರ ಕೆಳಗೆ ಇಳಿಯಲೇಬೇಕು.

---

ಬೇರುಗಂಟು

ತಕ್ಕಡಿಮುಳ್ಳು ಅವರ ಸಾಲಿನ ಲೆಕ್ಕಕ್ಕೆ ನನ್ನ ಪೂರ್ತಿ ಸಹಮತ. ಆದರೆ ಅಕ್ಷರ ಬಾರದವರಿಗೆ ಚೌಕ, ಕರ್ಣ, 15ರ ಭಾಗಾಕಾರ ಹೊರೆಯಾಗುತ್ತದೆ. ಅವರ ಕೈಗೆ ಒಂದೇ ಒಂದು ಹಗ್ಗ ಕೊಡಿ: 13.33 ಮೀಟರ್ ಉದ್ದದ್ದು.

75 ಸೆಂ.ಮೀ. ಸಾಲಿನಲ್ಲಿ 13.33 ಮೀ. ಉದ್ದ ಅಂದರೆ ಸರಿಯಾಗಿ 10 ಚದರ ಮೀಟರ್, ಹೆಕ್ಟೇರಿನ ಸಾವಿರದ ಒಂದು ಪಾಲು. ಆ ಹಗ್ಗದುದ್ದಕ್ಕೆ ಇರುವ ಗಿಡ ಎಣಿಸಿದರೆ ಅಷ್ಟು ಸಾವಿರ ಗಿಡ ಹೆಕ್ಟೇರಿಗೆ. ಹೆಕ್ಟೇರಿಗೆ ಎಷ್ಟು ಕೆ.ಜಿ. ಗೊಬ್ಬರ ಎಂದಿದೆಯೋ ಅಷ್ಟು ಗ್ರಾಂ ಒಂದು ಹಗ್ಗಕ್ಕೆ. ಒಂದು ಹಗ್ಗದ ಸಾಲಿನಿಂದ 4 ಕೆ.ಜಿ. ಒಣ ಕಾಳು ಬಂದರೆ ಹೆಕ್ಟೇರಿಗೆ 4,000 ಕೆ.ಜಿ. ಬೀನ್ಸ್ ಸಾಲುಗಳೂ ಒಂದಕ್ಕೊಂದು 75 ಸೆಂ.ಮೀ. ದೂರದಲ್ಲೇ ಇರುವುದರಿಂದ ಅದಕ್ಕೂ ಇದೇ ಹಗ್ಗ. ಭಾಗಾಕಾರವೇ ಬೇಕಿಲ್ಲ.

ಒಂದು ಷರತ್ತು: ಹೊಲದಲ್ಲಿ ಸಾಲು ನಿಜಕ್ಕೂ 75 ಇದೆಯಾ ನೋಡಬೇಕು. 11 ಸಾಲುಗಳ ಅಡ್ಡಕ್ಕೆ ಟೇಪು ಹಿಡಿದು ಬಂದದ್ದನ್ನು 10ರಿಂದ ಭಾಗಿಸಿ. 80 ಸೆಂ.ಮೀ. ಬಂದರೆ ಹಗ್ಗ 12.5 ಮೀ. ಇರಬೇಕು, 60 ಬಂದರೆ 16.67 ಮೀ. ನೈಲಾನ್ ಹಗ್ಗ ಎಳೆದಂತೆ ಹಿಗ್ಗುತ್ತದೆ, ಹಾಗಾಗಿ ಬಳಸುವ ದಿನ ಬೆಳಿಗ್ಗೆ ಟೇಪಿಗೆ ಹಿಡಿದು ನೋಡಿ.

ಈ ಹಗ್ಗ ಬಿತ್ತನೆಯಿಂದಲೇ ಕೆಲಸ ಮಾಡುತ್ತದೆ. 25 ಸೆಂ.ಮೀ.ಗೊಂದು ಬಣ್ಣದ ದಾರ ಕಟ್ಟಿದರೆ ಸಾಲಿಗೆ 53 ಕುಣಿ. ಬಿತ್ತುವ ವಾರ ಮುಂಚೆ 100 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಏಳನೆಯ ದಿನ ಬಿಚ್ಚಿ ಎಣಿಸಿ. 80 ಮೊಳೆತಿದ್ದರೆ 53 ಗಿಡಕ್ಕೆ 66 ಬೀಜ ಬೇಕು. ಬರೀ ಮೊಳಕೆ ಎಣಿಸದೆ ಬೇರೂ ಚಿಗುರೂ ಸರಿಯಾಗಿ ಬಂದವನ್ನು ಮಾತ್ರ ಎಣಿಸಿ. ಬೀನ್ಸ್ ಬೀಜದಲ್ಲಿ ಒಕ್ಕಣೆಯ ಏಟಿಗೆ ಒಳಗೇ ಸೀಳಿದವು ಮೊಳೆತರೂ ಸುಳಿ ಇಲ್ಲದ ಬೋಳು ಸಸಿಯಾಗುತ್ತವೆ. ಮೆಕ್ಕೆಜೋಳ 5 ಸೆಂ.ಮೀ. ಆಳ, ಬೀನ್ಸ್ 3ರಿಂದ 4. ಮಣ್ಣು ಹೆಪ್ಪುಗಟ್ಟುವ ಜಾಗದಲ್ಲಿ ಬೀನ್ಸ್ ಇನ್ನೂ ಆಳಕ್ಕೆ ಹೋದರೆ ಬೀಜದಳಗಳನ್ನು ಹೊತ್ತು ಮೇಲೆ ಬರಲಾಗದೆ ಕುತ್ತಿಗೆ ಮುರಿದುಕೊಳ್ಳುತ್ತದೆ.

10–12ನೆಯ ದಿನ ಐದು ಕಡೆ ಹಗ್ಗ ಹಿಡಿದು ಎಣಿಕೆ. ಸರಾಸರಿ 53ಕ್ಕೆ 45 ಇದ್ದರೆ ಪರವಾಗಿಲ್ಲ. 35ಕ್ಕೆ ಇಳಿದರೆ ಕಾರಣ ಹುಡುಕಲೇಬೇಕು: ಬೀಜವೋ, ಆಳವೋ, ಹಕ್ಕಿಯೋ, ಕತ್ತರಿಸುವ ಹುಳುವೋ. ಖಾಲಿ ಕುಣಿಗೆ ಮೆಕ್ಕೆಬೀಜ ಮತ್ತೆ ಹಾಕುವುದಾದರೆ ಮೊಳೆತ ಮೊದಲ ವಾರದೊಳಗೆ. ಆಮೇಲೆ ಹಾಕಿದ್ದು ಪಕ್ಕದ ಗಿಡಗಳ ನೆರಳಲ್ಲಿ ಸೊರಗಿ, ಬಹಳ ಸಲ ತೆನೆಯನ್ನೇ ಕಟ್ಟುವುದಿಲ್ಲ. ಆ ಕುಣಿಗಳಿಗೆ ಬೀನ್ಸ್ ಹಾಕುವುದೇ ಮೇಲು.

ಮೇಲುಗೊಬ್ಬರ: ಮೊಣಕಾಲೆತ್ತರಕ್ಕೆ ಬಂದಾಗ ಹೆಕ್ಟೇರಿಗೆ 100 ಕೆ.ಜಿ. ಯೂರಿಯಾ ಕೊಡುವ ಲೆಕ್ಕವಾದರೆ ಹಗ್ಗಕ್ಕೆ 100 ಗ್ರಾಂ, ಗಿಡಕ್ಕೆ 2 ಗ್ರಾಂಗೆ ತುಸು ಕಮ್ಮಿ. (ಪ್ರಮಾಣ ಮಣ್ಣು ಪರೀಕ್ಷೆಯಂತೆ ಇರಲಿ, ಇದು ಲೆಕ್ಕದ ಮಾದರಿ ಮಾತ್ರ.) ಒಂದು ಬಾಟಲಿ ಮುಚ್ಚಳದಿಂದ 20 ಸಲ ಯೂರಿಯಾ ಅಳೆದು ಒಟ್ಟು ತೂಗಿ 20ರಿಂದ ಭಾಗಿಸಿ. ಮುಚ್ಚಳಕ್ಕೆ 4 ಗ್ರಾಂ ಬಂದರೆ ಒಂದು ಮುಚ್ಚಳ ಎರಡು ಗಿಡಕ್ಕೆ. ಬುಡದಿಂದ ನಾಲ್ಕು ಬೆರಳು ದೂರ ಗೀರು ಎಳೆದು ಹಾಕಿ ಮಣ್ಣು ಮುಚ್ಚಬೇಕು. ಸುಳಿಗೆ ಬಿದ್ದರೆ ಎಲೆ ಸುಡುತ್ತದೆ, ಮೇಲೆಯೇ ಬಿಟ್ಟರೆ ಸಾರಜನಕ ಗಾಳಿಗೆ ಹಾರುತ್ತದೆ.

ಬೀನ್ಸ್‌ಗೆ ಅದರದೇ ರೈಜೋಬಿಯಂ (ಬೇರುಗಂಟಿನಲ್ಲಿದ್ದು ಸಾರಜನಕ ಹಿಡಿಯುವ ಸೂಕ್ಷ್ಮಾಣು) ಬೇಕು, ಸೋಯಾಬೀನಿನದು ಕೆಲಸಕ್ಕೆ ಬಾರದು. ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸಿ ನೆರಳಲ್ಲಿ ಆರಿಸಿ ಅಂದೇ ಬಿತ್ತಿ. ಹೂವು ಶುರುವಾದಾಗ ಐದು ಗಿಡಗಳನ್ನು ಸನಿಕೆಯಿಂದ ಅಗೆದು ತೆಗೆಯಿರಿ, ಕೀಳಬೇಡಿ, ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಬೇರುಗಂಟನ್ನು ಉಗುರಲ್ಲಿ ಸೀಳಿದಾಗ ಒಳಗೆ ಮಾಂಸದಂತೆ ಕೆಂಪಾಗಿದ್ದರೆ ಸಾರಜನಕ ಹಿಡಿಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ರೈತರು ಒಮ್ಮೆ ಇದನ್ನು ತಮ್ಮ ಉಗುರಲ್ಲೇ ಸೀಳಿ ನೋಡಿದರೆ ಮತ್ತೆ ವಿವರಿಸಬೇಕಾಗಿಲ್ಲ.

ಕಳೆನಾಶಕದ ವಿಷಯದಲ್ಲಿ ದಯವಿಟ್ಟು ಗಟ್ಟಿಯಾಗಿ ಹೇಳಿ. ಮೆಕ್ಕೆಜೋಳಕ್ಕೆ ರೂಢಿಯ ಅಟ್ರಜಿನ್ ಬೀನ್ಸನ್ನು ಸುಡುತ್ತದೆ. 2,4-ಡಿ ಕೂಡ ಅಷ್ಟೇ. ಅಂತರ ಬೆಳೆ ತರಬೇತಿ ಪಡೆದು ಹೋದವರು ಹಳೆಯ ಅಭ್ಯಾಸದಂತೆ ಸಿಂಪಡಿಸಿ ಬೀನ್ಸ್ ಪೂರ್ತಿ ಕಳೆದುಕೊಳ್ಳುವ ದಾರಿ ಇದೇ. ಕೈಕಳೆ, ಎಡೆಕುಂಟೆ ನೆಚ್ಚಿಕೊಳ್ಳಿ, ಮೊದಲ ಆರು ವಾರ ಹೊಲ ಶುಚಿ ಇರಲಿ. ಎಲೆ ಒದ್ದೆ ಇರುವಾಗ ಬೀನ್ಸ್ ಸಾಲಿನೊಳಗೆ ಓಡಾಡಿದರೆ ಅಂಗಮಾರಿ ರೋಗ ಬಟ್ಟೆಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ, ಇಬ್ಬನಿ ಆರಿದ ಮೇಲೆಯೇ ಇಳಿಯಿರಿ.

ಫಾಲ್ ಸೈನಿಕ ಹುಳುವಿಗೂ ಎಣಿಕೆಯೇ ಮದ್ದಿನ ಮೊದಲ ಹೆಜ್ಜೆ. ಐದು ಕಡೆ 20–20 ಗಿಡ ನೋಡಿದರೆ 100, ಹುಳುವಿರುವ ಗಿಡಗಳ ಸಂಖ್ಯೆಯೇ ಶೇಕಡಾ. ಎಳೆ ಬೆಳೆಯಲ್ಲಿ 20ರ ಆಸುಪಾಸು, ಸೂಲಂಗಿ ಬರುವ ಮುಂಚಿನ ದೊಡ್ಡ ಬೆಳೆಯಲ್ಲಿ 40ರ ಆಸುಪಾಸು ಬಂದಾಗ ಔಷಧಿಯ ಮಾತು. ಸುಳಿಯಲ್ಲಿ ಹಸಿ ಹಿಕ್ಕೆ ಇದ್ದರಷ್ಟೇ ಲೆಕ್ಕಕ್ಕೆ. ಹಳೆಯ ತೂತಿನ ಎಲೆ ಎಣಿಸಿದರೆ ಹುಳು ಹೋದ ಮೇಲೆ ಸಿಂಪಡಿಸಿದಂತಾಗುತ್ತದೆ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ ಇದ್ದರೆ ಅದೇ ಹುಳು.

---

ಒಣಕಾಯಿ

ಬೀನ್ಸ್ ಬಗ್ಗೆ ಯಾರೂ ಇನ್ನೂ ಪೂರ್ತಿ ಹೇಳಿಲ್ಲ. 8ಕ್ಕೂ 5ಕ್ಕೂ ಅಷ್ಟು ಅಂತರ ಸಾಲಿನ ಎಣಿಕೆ ಒಂದರಿಂದಲೇ ಬರುವುದಿಲ್ಲ, 7ಕ್ಕೆ 6 ಅಂದರೆ 17% ಅಷ್ಟೇ. ಉಳಿದದ್ದು ಸಾಮಾನ್ಯವಾಗಿ ಹಸಿ ಕಾಯಿ. ಮನೆಯವರು ಸಾರಿಗೆ, ಪಲ್ಯಕ್ಕೆ ಕಿತ್ತುಕೊಂಡು ಹೋಗಿರುತ್ತಾರೆ, ಅದೂ ಮನೆಯ ಹತ್ತಿರದ ತುದಿಯಿಂದ. ಅದು ನಷ್ಟವಲ್ಲ, ಊಟವಾಯಿತು, ಆದರೆ ಲೆಕ್ಕಕ್ಕೆ ಬರಲಿಲ್ಲ. ಮೆಕ್ಕೆಜೋಳದ ಎಳೆ ತೆನೆಯೂ ಹೀಗೆಯೇ. ಮನೆಯಲ್ಲಿ ಒಂದು ಅಳತೆಯ ಬುಟ್ಟಿ ಇಟ್ಟು, ಬುಟ್ಟಿ ತುಂಬಿ ಬಂದಾಗಲೆಲ್ಲ ಗೋಡೆಗೆ ಇದ್ದಿಲಲ್ಲಿ ಒಂದು ಗೀಟು ಎಳೆಯಲು ಹೇಳಿ. ಅಕ್ಷರ ಬೇಕಿಲ್ಲ. ಅಡುಗೆ ಮಾಡುವವರನ್ನು ತರಬೇತಿಗೆ ಕರೆಯದಿದ್ದರೆ ಈ ಗೀಟು ಬೀಳುವುದಿಲ್ಲ.

ಎರಡನೆಯದು ಉದುರು. ಕಾಯಿ ಮುಕ್ಕಾಲಿಗಿಂತ ಹೆಚ್ಚು ಹುಲ್ಲಿನ ಬಣ್ಣಕ್ಕೆ ತಿರುಗಿದಾಗ, ಬೆಳಿಗ್ಗೆ ತಂಪಿರುವಾಗಲೇ ಕೀಳಬೇಕು. ಮಧ್ಯಾಹ್ನದ ಬಿಸಿಲಲ್ಲಿ ಮುಟ್ಟಿದರೆ ಕಾಯಿ ಸಿಡಿದು ಕಾಳು ನೆಲಕ್ಕೆ. ಅಳತೆಯ ಸಾಲಿನಲ್ಲಿ ನೆಲಕ್ಕೆ ಬಿದ್ದ ಕಾಳನ್ನೂ ಆರಿಸಿ ಬೇರೆಯಾಗಿ ತೂಗಿ. ಒಂದು ಹಗ್ಗದ ಸಾಲಿನಲ್ಲಿ 40 ಗ್ರಾಂ ಉದುರಿದ್ದರೆ ಹೆಕ್ಟೇರಿಗೆ 40 ಕೆ.ಜಿ. ಮಣ್ಣು ಪಾಲು. ಬೇಗ ಕೀಳಬೇಕಿತ್ತು ಎಂಬುದನ್ನು ಆ ಬೊಗಸೆ ಕಾಳೇ ತೋರಿಸುತ್ತದೆ.

ಮೂರನೆಯದು ತಕ್ಕಡಿ. ಒಂದು ಹಗ್ಗಕ್ಕೆ ಬೀನ್ಸ್ ಬರುವುದೇ 600 ಗ್ರಾಂ ಆಸುಪಾಸು. 100 ಗ್ರಾಂ ಗೆರೆಯ ತೂಗು ತಕ್ಕಡಿ ತೆನೆಗೆ ಆಗುತ್ತದೆ, ಇದಕ್ಕೆ ಆಗುವುದಿಲ್ಲ. ಅಡುಗೆಮನೆಯ ಗ್ರಾಂ ತಕ್ಕಡಿ ಬಳಸಿ, ಒಂದು ಲೀಟರ್ ನೀರು ತೂಗಿ 1 ಕೆ.ಜಿ. ತೋರಿಸುತ್ತದೆಯೇ ನೋಡಿ, ಪಾತ್ರೆಯ ತೂಕ ಕಳೆಯುವುದನ್ನು ಮರೆಯಬೇಡಿ.

ಅಳತೆಯ ಜಾಗ ಯಾವಾಗ ಗುರುತಿಸಬೇಕು ಎಂಬುದು ಮುಖ್ಯ. ಬೀನ್ಸ್ ಬಿಡಿಸುವ ದಿನ ಗೂಟ ಹೊಡೆದು, ಮೆಕ್ಕೆಜೋಳದ ಕಟಾವಿನವರೆಗೆ ಅದೇ ಗೂಟ ಉಳಿಸಿಕೊಂಡರೆ ಎರಡೂ ಬೆಳೆಯ ಅಳತೆ ಒಂದೇ ಜಾಗದ್ದಾಗುತ್ತದೆ. ಬಿತ್ತನೆಯ ದಿನವೇ ಹೊಡೆಯಬೇಡಿ. ಗೂಟದೊಳಗಿನ ಗಿಡಕ್ಕೆ ಒಂದು ಕೈ ಹೆಚ್ಚು ಗೊಬ್ಬರ ಹೋಗಿಯೇ ಹೋಗುತ್ತದೆ, ಬೇಕೆಂದು ಅಲ್ಲ, ಮನಸ್ಸು ಹಾಗೆ.

---

ತಕ್ಕಡಿಮುಳ್ಳು

ಒಣಕಾಯಿ ಅವರೇ, ಕೊನೆಯ ಮಾತಿಗೆ ಮಾತ್ರ ಭಿನ್ನಾಭಿಪ್ರಾಯ. ಬೀನ್ಸ್ ಬಿಡಿಸುವ ದಿನ ಗೂಟ ಹೊಡೆದರೆ ಅಷ್ಟರಲ್ಲಿ ಹಸಿ ಕಾಯಿ ಕಿತ್ತ ಜಾಗ ಯಾವುದು, ಎಷ್ಟು ಎಂದು ತಿಳಿಯುವುದಿಲ್ಲ. ಕಾಯಿ ಕಟ್ಟಲು ಶುರುವಾದ ವಾರ ಹೊಡೆಯುವುದು ಒಳ್ಳೆಯದು. ಅಷ್ಟು ಹೊತ್ತಿಗೆ ಗೊಬ್ಬರದ ಕೆಲಸ ಬಹುಪಾಲು ಮುಗಿದಿರುತ್ತದೆ, ಗೂಟದ ಮೇಲಿನ ಮಮತೆಯಿಂದ ಹೆಚ್ಚೇನೂ ವ್ಯತ್ಯಾಸವಾಗದು. ಆ ಸಾಲುಗಳಿಂದ ಕಿತ್ತ ಹಸಿ ಕಾಯಿಯನ್ನು ಬೇರೆಯಾಗಿ ತೂಗಿಡಲು ಮನೆಯವರಿಗೆ ಹೇಳಬಹುದು. ಬುಟ್ಟಿ, ಇದ್ದಿಲ ಗೀಟಿನ ಉಪಾಯ ತುಂಬ ಚೆನ್ನಾಗಿದೆ.

---

ಸಾಲುಗೂಟ

ಕೂಳೆ ಎಣಿಸಿ ಬಂದೆವು: 7, 6, 6. ಗುಂಪಿನವರೇ ಎಣಿಸಿದರು, 48 ಹೇಗೆ ಬಂತೆಂದು ಅವರಿಗೇ ಅರ್ಥವಾಯಿತು. ಎಲ್ಲರಿಗೂ ವಂದನೆಗಳು. ಮುಂದಿನ ಬೆಳೆಗೆ 13.33ರ ಹಗ್ಗವನ್ನೇ ಇಟ್ಟುಕೊಳ್ಳುತ್ತೇವೆ. ಕೊನೆಯದೊಂದು: ಬೀನ್ಸ್ ಸೇರಿಸಿದ್ದರಿಂದ ಮೆಕ್ಕೆಜೋಳ ಕಡಿಮೆಯಾಯಿತು ಎನ್ನುವವರಿಗೆ ಏನು ಲೆಕ್ಕ ತೋರಿಸುವುದು?

---

ಬೇರುಗಂಟು

ಮೆಕ್ಕೆಜೋಳ ಸ್ವಲ್ಪ ಕಡಿಮೆ ಆಗುವುದು ನಿಜವೇ, ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡಿ. ಪಕ್ಕದಲ್ಲೇ ಅದೇ ಮಣ್ಣಿನಲ್ಲಿ ಬರೀ ಮೆಕ್ಕೆಜೋಳದ ಒಂದು ತಾಕು, ಬರೀ ಬೀನ್ಸಿನ ಒಂದು ತಾಕು ಬೇಕು, ತಲಾ 10 ಮೀ. × 10 ಮೀ. ಸಾಕು. ಬರೀ ಮೆಕ್ಕೆಜೋಳ 47 ಕ್ವಿಂಟಲ್ ಬಂದು ಅಂತರ ಬೆಳೆಯಲ್ಲಿ 40 ಬಂದರೆ 40 ÷ 47 = 0.85. ಬರೀ ಬೀನ್ಸ್ 13 ಬಂದು ಅಂತರ ಬೆಳೆಯಲ್ಲಿ 6 ಬಂದರೆ 0.46. ಕೂಡಿದರೆ 1.31. ಅಂದರೆ ಈ ಎರಡನ್ನೂ ಬೇರೆ ಬೇರೆಯಾಗಿ ಬೆಳೆದು ಇಷ್ಟೇ ಫಸಲು ಪಡೆಯಲು ಒಂದು ಹೆಕ್ಟೇರಿನ ಬದಲು 1.31 ಹೆಕ್ಟೇರ್ ನೆಲ ಬೇಕಾಗುತ್ತಿತ್ತು. ಒಟ್ಟು 1ಕ್ಕಿಂತ ಕೆಳಗೆ ಬಂದರೆ ಅಂತರ ಬೆಳೆ ಸೋತಿದೆ ಎಂದೂ ಹಾಗೆಯೇ ಹೇಳಿ.

ಎಚ್ಚರ ಇಷ್ಟೇ: ಬರೀ ಬೀನ್ಸಿನ ತಾಕಿಗೆ ಅದಕ್ಕೆ ಸರಿಯಾದ ಒತ್ತಾದ ಸಾಲು, 40–50 ಸೆಂ.ಮೀ., ಕೊಡಬೇಕು, ಕಳೆಯನ್ನೂ ಅಷ್ಟೇ ಶ್ರದ್ಧೆಯಿಂದ ತೆಗೆಯಬೇಕು. ಆ ತಾಕನ್ನು ಅಲಕ್ಷ್ಯ ಮಾಡಿ ಅಲ್ಲಿ 13ರ ಬದಲು 8 ಬಂದರೆ 6 ÷ 8 = 0.75 ಆಗಿ ಒಟ್ಟು 1.60 ಕಾಣಿಸುತ್ತದೆ. ಅದು ಅಂತರ ಬೆಳೆಯ ಗೆಲುವಲ್ಲ, ಕಳೆಯದು. ಮತ್ತೆ, ಆ ತಾಕಿನಲ್ಲಿ ಸಾಲು 45 ಸೆಂ.ಮೀ. ಇದ್ದರೆ ಅಳತೆಯ ಹಗ್ಗ 13.33 ಅಲ್ಲ, 22.22 ಮೀಟರ್. ಅದಕ್ಕೆ ಬೇರೆ ಬಣ್ಣದ ಹಗ್ಗವನ್ನೇ ಮಾಡಿಟ್ಟುಕೊಳ್ಳಿ.